ಕ್ಯೂಬೇಸಿಕ್: ಗೈರು ಪಟ್ಟಿಯಲ್ಲಿ 10 ಹುಡುಕಿದರೆ 110 ಸಿಗುತ್ತಿದೆ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹೈಸ್ಕೂಲ್ ಮೇಷ್ಟ್ರು. ಲ್ಯಾಬಿನ ಹಳೇ ಕಂಪ್ಯೂಟರಿಗೆ ಕ್ಯೂಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಹಾಜರಿ ಪ್ರೋಗ್ರಾಂ ಬರೆದುಕೊಂಡಿದ್ದೇನೆ. ಗೈರಾದವರ ನಂಬರೆಲ್ಲ ಒಂದೇ ಸ್ಟ್ರಿಂಗ್‌ನಲ್ಲಿ (ಅಕ್ಷರಗಳ ಸಾಲಿನಲ್ಲಿ) ಇರುತ್ತೆ: "21,110,210". ಇದರಲ್ಲಿ "10" ಇದೆಯಾ ಅಂತ ಇನ್‌ಸ್ಟರ್ (INSTR, ಸ್ಟ್ರಿಂಗ್ ಒಳಗೆ ಹುಡುಕೋ ಫಂಕ್ಷನ್) ಹಾಕಿ ಹುಡುಕಿದರೆ 5 ಬರುತ್ತೆ. ನಿನ್ನೆ 10ನೇ ನಂಬರಿನ ಹುಡುಗಿ ಮುಂದಿನ ಬೆಂಚಿನಲ್ಲೇ ಕೂತಿದ್ದಳು, ಪ್ರೋಗ್ರಾಂ ಗೈರು ಅಂದುಬಿಡ್ತು. ಪಾಪ, ಮಗು ಅತ್ತೇಬಿಟ್ಟಳು. ಎಲ್ಲಿ ತಪ್ಪಿದೆ?

ಉತ್ತರ: ನಮಸ್ಕಾರ ಸರ್. ಬೆರಳಿಟ್ಟು ಎಣಿಸಿ ನೋಡಿ: 2, 1, ಕಾಮಾ, 1. ನಾಲ್ಕಾಯಿತು. ಐದನೆಯದು 1, ಆರನೆಯದು 0. ಅಂದರೆ 110ರ ಬಾಲವೇ ಅದಕ್ಕೆ "10" ಆಗಿ ಕಂಡಿದೆ. ಇನ್‌ಸ್ಟರ್‌ಗೆ ಸಂಖ್ಯೆ ಗೊತ್ತಿಲ್ಲ, ಅಕ್ಷರದ ಸಾಲು ಮಾತ್ರ ಗೊತ್ತು. ಮೊದಲು ಸಿಕ್ಕ ಜಾಗವನ್ನು 1ರಿಂದ ಎಣಿಸಿ ಹೇಳುತ್ತೆ, ಸಿಗದಿದ್ದರೆ 0.

ಪಟ್ಟಿಯ ಹಿಂದೆ ಮುಂದೆ ಒಂದೊಂದು ಕಾಮಾ ಸೇರಿಸಿ: ",21,110,210,". ಹುಡುಕುವುದಕ್ಕೂ ಹಾಗೇ ಮಾಡಿ: ",10,". ಈಗ 0 ಬರುತ್ತೆ. ",110," ಹುಡುಕಿದರೆ 4 ಬರುತ್ತೆ. ಎರಡೂ ಕಡೆ ಬೇಲಿ ಇದ್ದರೆ ಪಕ್ಕದ ಅಂಕಿ ಒಳಗೆ ನುಗ್ಗೋಕ್ಕಾಗಲ್ಲ.

ಪ್ರಶ್ನೆ: ಹಾಗೇ ಮಾಡಿದೆ ಮೇಡಂ. ಈಗ ಯಾರನ್ನು ಹುಡುಕಿದರೂ 0! ನಿಜವಾಗಿ ಗೈರಾದವರೂ ಹಾಜರು. ನಂಬರನ್ನು ಎಸ್‌ಟಿಆರ್$ ಹಾಕಿ ಸ್ಟ್ರಿಂಗ್ ಮಾಡಿಕೊಂಡು ಕಾಮಾ ಸೇರಿಸಿದ್ದೇನೆ.

ಉತ್ತರ: ಅದೇ ಕಾರಣ ಸರ್. ಎಸ್‌ಟಿಆರ್$ ಧನ ಸಂಖ್ಯೆಯ ಮುಂದೆ ಚಿಹ್ನೆಗೆ ಅಂತ ಒಂದು ಖಾಲಿ ಜಾಗ ಬಿಡುತ್ತೆ. ನೀವು ಹುಡುಕುತ್ತಿರುವುದು ", 110,". ಸ್ಕ್ರೀನಿನಲ್ಲಿ ಆ ಖಾಲಿ ಕಣ್ಣಿಗೇ ಬೀಳಲ್ಲ, ನನಗೂ ಇದು ಹಿಂದೆ ಒಂದಿಡೀ ಸಂಜೆ ತಿಂದಿದೆ. ಎಲ್‌ಟ್ರಿಮ್$ ಒಳಗೆ ಹಾಕಿ, ಎಡಗಡೆಯ ಖಾಲಿ ಹೋಗುತ್ತೆ. ಪಟ್ಟಿ ಟೈಪ್ ಮಾಡುವಾಗಲೂ ಕಾಮಾ ಆದಮೇಲೆ ಸ್ಪೇಸ್ ಒತ್ತಬೇಡಿ.

ಇನ್ನೊಬ್ಬರು: ಮುಂದೆ ಇದನ್ನೇ ವಿಬಿ ಡಾಟ್ ನೆಟ್ ಅನ್ನೋ ಭಾಷೆಗೆ ತಂದು, ಹುಡುಕೋಕೆ ಅಲ್ಲಿನ ಇಂಡೆಕ್ಸ್‌ಆಫ್ ಬಳಸಿದರೆ ಹುಷಾರು. ಅಲ್ಲಿ ಎಣಿಕೆ 0ಯಿಂದ, ಸಿಗದಿದ್ದರೆ -1. "0ಗಿಂತ ಹೆಚ್ಚಾ" ಅನ್ನೋ ಪರೀಕ್ಷೆ ಉಳಿಸಿಕೊಂಡರೆ ಪಟ್ಟಿಯ ಮೊದಲ ಹುಡುಗ ತಪ್ಪಿಸಿಕೊಳ್ಳುತ್ತಾನೆ.

ಪ್ರಶ್ನೆ: ಎಲ್‌ಟ್ರಿಮ್$ ಹಾಕಿದೆ, ಸರಿಹೋಯ್ತು ಮೇಡಂ! ಕೊನೇದೊಂದು: ತಿಂಗಳ ಪಟ್ಟಿಯೆಲ್ಲ ಜೋಡಿಸಿ ಒಬ್ಬರು ಎಷ್ಟು ಸಲ ಗೈರು ಅಂತ ಎಣಿಸೋಕೆ ಲೂಪ್ (ಅದೇ ಕೆಲಸ ಮತ್ತೆ ಮತ್ತೆ ಮಾಡಿಸೋ ಸುತ್ತು) ಬರೆದರೆ ನಿಲ್ಲೋದೇ ಇಲ್ಲ.

ಉತ್ತರ: ಪ್ರತಿ ಸಲವೂ ಮೊದಲಿಂದಲೇ ಹುಡುಕುತ್ತಿದೆ, ಅದೇ ಜಾಗ ಮತ್ತೆ ಮತ್ತೆ ಸಿಗುತ್ತಿದೆ. ಇನ್‌ಸ್ಟರ್‌ಗೆ ಮೊದಲ ಆರ್ಗ್ಯುಮೆಂಟಾಗಿ (ಬ್ರಾಕೆಟ್ ಒಳಗೆ ಮೊದಲಿಗೆ) ಶುರುವಿನ ಜಾಗ ಕೊಡಬಹುದು. ಮೊದಲ ಸುತ್ತಿಗೆ 1 ಕೊಡಿ (0 ಕೊಟ್ಟರೆ ಎರರ್), ಆಮೇಲೆ ಸಿಕ್ಕ ಜಾಗಕ್ಕೆ 1 ಸೇರಿಸಿ ಕೊಡಿ, 0 ಬಂದಾಗ ನಿಲ್ಲಿಸಿ. ಹುಡುಕುವ ಸ್ಟ್ರಿಂಗ್‌ನ ಉದ್ದದಷ್ಟು ಹಾರಬೇಡಿ. ",10,10," ಅಂತಿದ್ದರೆ ನಡುವಿನ ಕಾಮಾ ಎರಡಕ್ಕೂ ಸೇರಿದ್ದು. ನಾಲ್ಕು ಹಾರಿದರೆ ಅದನ್ನು ದಾಟಿಬಿಡುತ್ತೀರಿ, ಎರಡನೇ ಗೈರು ಲೆಕ್ಕಕ್ಕೇ ಬರಲ್ಲ.