‘ಲೈಟ್ ಹೋಗಿದೆ’ ಅಂದರೆ ಯಾವುದು ಹೋಗಿದೆ? ನೋಟಿಸಿಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ಕಲಬುರಗಿಯಲ್ಲಿ ನಮ್ಮ ಬಾಡಿಗೆ ಮನೆಗಳ ಮೀಟರ್ ಬೋರ್ಡ್ ಪಕ್ಕ ಒಂದು ನೋಟಿಸ್ ಅಂಟಿಸಬೇಕು, ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡುತ್ತೇನೆ. ಸೀಲಿಂಗ್ ಲೈಟ್ ಹತ್ತದಿದ್ದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವ ಮೊದಲು ಏನೇನು ನೋಡಬೇಕು ಅನ್ನೋದು ವಿಷಯ.

ತೊಡಕು ಏನಂದರೆ, ಇಲ್ಲಿ ಎಲ್ಲದಕ್ಕೂ ‘ಲೈಟ್ ಹೋಗ್ಯಾದ’ ಅಂತಲೇ ಹೇಳುತ್ತಾರೆ. ಓಣಿಗೇ ಕರೆಂಟ್ ಇಲ್ಲದಿದ್ದರೂ ಲೈಟ್ ಹೋಗ್ಯಾದ, ಒಂದು ರೂಮಿನ ಬಲ್ಬ್ ಕೆಟ್ಟರೂ ಲೈಟ್ ಹೋಗ್ಯಾದ. ನೋಟಿಸಿನಲ್ಲಿ ಇವೆರಡು ಬೇರೆ ಬೇರೆ ಅಂತ ಗೊತ್ತಾಗಬೇಕು. ನನ್ನ ಹತ್ತಿರ ಇರುವ ಇಂಗ್ಲಿಷ್ ಹಾಳೆಯಲ್ಲಿ ಫಿಕ್ಸ್ಚರ್ (ಬಲ್ಬ್ ಕೂರಿಸುವ ಪೂರ್ತಿ ಸೆಟ್), ಟ್ರಿಪ್, ಡ್ರೈವರ್ ಅಂತ ಇದೆ. ಇವಕ್ಕೆ ಏನು ಬರೆಯಲಿ?

*

> ಇವಕ್ಕೆ ಏನು ಬರೆಯಲಿ?

ಲೈಟ್ ಇಂಗ್ಲಿಷ್, ದೀಪ ಸಂಸ್ಕೃತ. ನಮ್ಮದೇ ‘ಸೊಡರು’ ಇದೆಯಲ್ಲ. ಹಳಗನ್ನಡದಲ್ಲಿ ಸೊಡರ್, ತಮಿಳಿನಲ್ಲಿ ಸುಡರ್, ಬೇರು ‘ಸುಡು’. ಸೀಲಿಂಗಿಗೆ ‘ಮುಚ್ಚಿಗೆ’, ಮುಚ್ಚು ಅನ್ನುವುದರಿಂದ ಬಂದದ್ದು, ಮಲೆನಾಡಿನ ಮನೆಗಳಲ್ಲಿ ಈಗಲೂ ಇದೆ. ‘ಮುಚ್ಚಿಗೆಸೊಡರು’ ಅಂತ ಬರೆಯಿರಿ. ಡ್ರೈವರ್‌ಗೆ ‘ನಡೆಸುಕ’. ಬಳಸಿದರೆ ತಾನೇ ಬಳಕೆಗೆ ಬರೋದು? ಎಲ್ಲದಕ್ಕೂ ಎರವಲು ತಂದರೆ ಕೊನೆಗೆ ಕನ್ನಡದ್ದು ಅಂತ ಉಳಿಯೋದು ವಿಭಕ್ತಿ ಪ್ರತ್ಯಯ ಮಾತ್ರ.

*

> ‘ಮುಚ್ಚಿಗೆಸೊಡರು’ ಅಂತ ಬರೆಯಿರಿ.

ಬೇಡವೇ ಬೇಡ. ಕರೆಂಟಿನ ಬೋರ್ಡ್ ಪಕ್ಕ ನಿಂತವರು ನಿಘಂಟು ಹುಡುಕಬೇಕಾ? ಕೇಳಿದವರಿಗೆ ಹೆಸರುಗಳಿಗಿಂತ ಕ್ರಿಯಾಪದ ಬೇಕಾಗಿದೆ, ಅದು ಅವರ ಊರಿನಲ್ಲೇ ಇದೆ. ಇಡೀ ಮನೆಗೆ ಇಲ್ಲದಿದ್ದರೆ ‘ಕರೆಂಟ್ ಇಲ್ಲ’. ಒಂದೇ ಲೈಟ್ ಆದರೆ ‘ಹತ್ತುತ್ತಿಲ್ಲ’. ಇಷ್ಟು ಸಾಕು, ‘ಹೋಗಿದೆ’ ಅನ್ನುವುದನ್ನೇ ನೋಟಿಸಿನಿಂದ ತೆಗೆಯಿರಿ. ಫಿಕ್ಸ್ಚರ್ ಅಂತ ಯಾರೂ ಅನ್ನೋದಿಲ್ಲ, ಅದನ್ನೂ ಬಿಡಿ.

ಟ್ರಿಪ್ ಅಂದರೆ ಶಾರ್ಟ್ ಆದಾಗ ಅಥವಾ ಲೋಡ್ ಜಾಸ್ತಿ ಆದಾಗ ಬೋರ್ಡಿನಲ್ಲಿರುವ ಎಂಸಿಬಿ ಅನ್ನುವ ಸ್ವಿಚ್ ತಾನೇ ಆಫ್ ಆಗೋದು. ಅದಕ್ಕೆ ‘ಎಂಸಿಬಿ ಬಿದ್ದಿದೆ’. ಬಿದ್ದದ್ದನ್ನು ‘ಎತ್ತಬೇಕು’. ಇದಕ್ಕಿಂತ ಒಳ್ಳೆಯ ಕನ್ನಡ ಎಲ್ಲಿ ಸಿಗುತ್ತೆ? ಆದರೆ ಒಂದು ಮಾತು ಸೇರಿಸಿ: ಕೆಲವು ಎಂಸಿಬಿಗಳ ಕಡ್ಡಿ ಪೂರ್ತಿ ಬೀಳದೆ ನಡುವೆ ನಿಲ್ಲುತ್ತದೆ. ಅದನ್ನು ಮೊದಲು ಪೂರ್ತಿ ಕೆಳಗೆ ಒತ್ತಿ, ಆಮೇಲೆ ಎತ್ತಬೇಕು. ಎತ್ತಿದ ಕೂಡಲೇ ಮತ್ತೆ ಬಿದ್ದರೆ ಎಲ್ಲೋ ಶಾರ್ಟ್ ಆಗಿರುತ್ತದೆ, ಮತ್ತೆ ಮತ್ತೆ ಎತ್ತಬಾರದು.

ಇನ್ನು ಡ್ರೈವರ್. ಪಿಓಪಿ (ಪ್ಲಾಸ್ಟರ್ ಸೀಲಿಂಗ್) ಒಳಗೆ ಕೂರಿಸುವ ಎಲ್‌ಇಡಿ ಪ್ಯಾನೆಲ್‌ಗಳಲ್ಲಿ ಕೆಡೋದು ಜಾಸ್ತಿ ಅದೇ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದದ ಬಿಳಿ ಡಬ್ಬಿ, 230 ವೋಲ್ಟ್ ಎಸಿಯನ್ನು ಎಲ್‌ಇಡಿಗೆ ಬೇಕಾದ ಡಿಸಿ ಮಾಡಿ ಕೊಡುತ್ತದೆ. ಮೇ ತಿಂಗಳಲ್ಲಿ ಕಲಬುರಗಿ 40 ಡಿಗ್ರಿ ದಾಟಿದಾಗ ಪಿಓಪಿ ಮೇಲಿನ ಸಂದಿಯಲ್ಲಿ ಗಾಳಿಯೇ ಆಡೋದಿಲ್ಲ. ಬಿಸಿಗೆ ಒಳಗಿನ ಕೆಪಾಸಿಟರ್ ಒಣಗುತ್ತದೆ, ಬಿಚ್ಚಿ ನೋಡಿದರೆ ಎಷ್ಟೋ ಸಲ ಅದರ ತಲೆ ಉಬ್ಬಿರುತ್ತದೆ. ಲೈಟ್ ಮೊದಲು ಮಿಣಮಿಣ ಅನ್ನುತ್ತದೆ, ಆಮೇಲೆ ಒಂದು ದಿನ ಹತ್ತೋದೇ ಇಲ್ಲ. ಸೂಪರ್ ಮಾರ್ಕೆಟ್ ಕಡೆ ಅಂಗಡಿಗೆ ಹೋಗಿ ‘ನಡೆಸುಕ ಕೊಡಿ’ ಅಂದರೆ ಏನು ಸಿಗುತ್ತೆ ಹೇಳಿ! ‘ಪ್ಯಾನೆಲ್ ಡ್ರೈವರ್’ ಅಂತಲೇ ಬರೆಯಿರಿ. ಡಬ್ಬಿಯ ಮೇಲಿನ ವ್ಯಾಟ್ ಮತ್ತು ಮಿಲಿಆಂಪ್ ಹಳೆಯದಕ್ಕೆ ಹೊಂದಬೇಕು ಅನ್ನೋದನ್ನೂ ಬರೆಯಿರಿ.

ಎರವಲಿನ ಮಾತು ಬಂತಲ್ಲ. ಕಲಬುರಗಿಯಲ್ಲಿ 1948ರ ತನಕ ನಿಜಾಮರ ಆಳ್ವಿಕೆ, ಕಚೇರಿಯಲ್ಲಿ ಉರ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದು. ‘ಚಾಲೂ ಮಾಡು’, ‘ಬಂದ್ ಮಾಡು’ ಇಲ್ಲಿ ಮನೆಮಾತು. ಇವೂ ಬೇಡ ಅನ್ನುವವರು ಅರ್ಜಿ, ರಸೀದಿ, ತಾರೀಖು ಕೂಡ ಬಿಡಲಿ ನೋಡೋಣ.

*

> ಅರ್ಜಿ, ರಸೀದಿ, ತಾರೀಖು ಕೂಡ ಬಿಡಲಿ

ವಿತಂಡವಾದ. ಅರ್ಜಿ ನಮ್ಮ ಬಾಯಲ್ಲಿ ತಲೆಮಾರುಗಟ್ಟಲೆ ಸವೆದು ಕನ್ನಡವಾಗಿದೆ. ಡ್ರೈವರ್ ನಿನ್ನೆ ಮೊನ್ನೆಯದು. ಹೊಸ ವಸ್ತು ಬಂದಾಗಲೇ ಹೊಸ ಪದ ಕಟ್ಟದಿದ್ದರೆ ಮತ್ತೆ ಯಾವಾಗ ಕಟ್ಟುತ್ತೀರಿ?

*

ಕಟ್ಟುವವರು ವಸ್ತು ಮಾರುವವನನ್ನೂ ರಿಪೇರಿ ಮಾಡುವವನನ್ನೂ ಒಮ್ಮೆ ಕೇಳಿ ಕಟ್ಟಲಿ. ಅವರ ಬಾಯಿಗೆ ಹತ್ತದ ಪದ ನಮ್ಮ ಚರ್ಚೆಯಲ್ಲೇ ಉಳಿಯುತ್ತದೆ, ಅಷ್ಟೇ.

*

ಇಬ್ಬರಿಗೂ ಧನ್ಯವಾದ. ‘ಬಿದ್ದಿದೆ, ಎತ್ತಿ’ ನನಗೆ ತುಂಬಾ ಹಿಡಿಸಿತು. ಪ್ರಿಂಟಿಗೆ ಹೀಗೆ ಕೊಡುತ್ತಿದ್ದೇನೆ:

‘ಮನೆಯಲ್ಲಿ ಒಂದು ಲೈಟ್ ಮಾತ್ರ ಹತ್ತುತ್ತಿಲ್ಲವೇ? ಅದೇ ರೂಮಿನ ಫ್ಯಾನ್ ಚಾಲೂ ಮಾಡಿ ನೋಡಿ. ಅದೂ ತಿರುಗದಿದ್ದರೆ ಎಂಸಿಬಿ ಬಿದ್ದಿದೆಯೇ ನೋಡಿ, ಒಂದು ಸಲ ಎತ್ತಿ. ಮತ್ತೆ ಬಿದ್ದರೆ ಮುಟ್ಟಬೇಡಿ. ಫ್ಯಾನ್ ತಿರುಗಿದರೆ ಬಲ್ಬ್ ಅಥವಾ ಪ್ಯಾನೆಲ್ ಡ್ರೈವರ್ ಕೆಟ್ಟಿರಬಹುದು. ಬಿಚ್ಚುವ ಮೊದಲು ಮೇನ್ ಬಂದ್ ಮಾಡಿ, ಬರೀ ಬಟನ್ ಬಂದ್ ಮಾಡಿದರೆ ಸಾಲದು. ಇಡೀ ಓಣಿಗೆ ಕರೆಂಟ್ ಇಲ್ಲದಿದ್ದರೆ 1912ಕ್ಕೆ ಫೋನ್ ಮಾಡಿ.’

ಕಾಗುಣಿತದ ತಪ್ಪಿದ್ದರೆ ರಾತ್ರಿಯೊಳಗೆ ತಿಳಿಸಿ.