ಟ್ರಾಲಿ ಎಳೆಯೋಕೆ ಹಳೆ ಪಿಕಪ್ ಸಾಕಾ, ಹೊಸದು ಬೇಕಾ? ಉಸ್ತಾದ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರದಿಂದ ಒಂದೇ ಚರ್ಚೆ ನಡೀತಾ ಇದೆ. ಮಿಕ್ಸರ್, ಜನರೇಟರ್, ಕಂಪ್ರೆಸರ್ ಹಿಂದೆ ಕಟ್ಟಿ ಎಳೆಯುವವರು ಹಳೆ ಡೀಸೆಲ್ ಪಿಕಪ್ ಇಟ್ಟುಕೊಳ್ಳಬೇಕಾ, ಮಾರಿ ಹೊಸದು ತಗೊಳ್ಳಬೇಕಾ ಅಂತ. ಕಲಬುರಗಿಯಲ್ಲಿ ಡೀಸೆಲ್ ಗಾಡಿ ರಿಪೇರಿ ಮಾಡುವ ನಮ್ಮ ಉಸ್ತಾದ್ ಇವತ್ತು ಸಂಜೆ ಉತ್ತರ ಕೊಡ್ತಾರೆ. ಮಾಡೆಲ್, ವರ್ಷ, ಏನು ಎಳೀತೀರಿ, ಎಷ್ಟು ದೂರ, ಇಷ್ಟು ಬರೆದು ಕೇಳಿ.

ಸೇಡಂ ಮಿಕ್ಸರ್: ಉಸ್ತಾದ್, ನನ್ನದು 2012ರ ಬೊಲೆರೊ ಪಿಕಪ್. ಹಳೆ ಡಿಐ ಇಂಜಿನ್, ಅಂದರೆ ಮೆಕ್ಯಾನಿಕಲ್ ಪಂಪ್‌ದು. ಹೊಸ ಗಾಡಿಗಳ ಹಾಗೆ ಕಂಪ್ಯೂಟರ್ ಲೆಕ್ಕದಲ್ಲಿ ಡೀಸೆಲ್ ಬಿಡುವ ಕಾಮನ್ ರೈಲ್ ಅಲ್ಲ. ಕಾಂಕ್ರೀಟ್ ಮಿಕ್ಸರ್ ಹಿಂದೆ ಕಟ್ಟಿಕೊಂಡು ಹಳ್ಳಿಗಳಿಗೆ ಸ್ಲ್ಯಾಬ್ ಹಾಕೋಕೆ ಹೋಗ್ತೀನಿ. ಜಾಸ್ತಿ ಅಂದರೆ 20 ಕಿಲೋಮೀಟರ್. ಸ್ವಲ್ಪ ಏರು ಬಂದರೂ ಕರಿ ಹೊಗೆ ಬಿಡುತ್ತೆ, ಎರಡನೇ ಗೇರ್‌ಗೆ ಇಳೀಬೇಕು. ಇಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸಿ ಬೋರ್ ಮಾಡಿಸು ಅಂತಾರೆ. ಮಾಡಿಸಲಾ, ಮಾರಲಾ?

ಉಸ್ತಾದ್: ಇಂಜಿನ್ ಬಿಚ್ಚುವ ಮಾತು ಈಗಲೇ ಬೇಡ. ಕರಿ ಹೊಗೆ ಅಂದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗ್ತಾ ಇಲ್ಲ ಅಂತ. ದಿನಾ ಸಿಮೆಂಟ್ ಧೂಳಿನಲ್ಲಿ ನಿಲ್ಲುವ ಗಾಡಿ ನಿಮ್ಮದು. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಆಮೇಲೆ ಟರ್ಬೊದಿಂದ ಬರುವ ರಬ್ಬರ್ ಪೈಪ್ ಎಲ್ಲಾದರೂ ಸೀಳಿದೆಯಾ ನೋಡಿ. ಮೂರನೆಯದು ನಾಜಲ್, ಪಂಪ್ ಸೆಟ್ಟಿಂಗ್. ಇವೆಲ್ಲ ಸರಿ ಇದ್ದೂ ಹೊಗೆ ಹೋಗದಿದ್ದರೆ, ಇಂಜಿನ್ ಚಾಲೂ ಇಟ್ಟು ಆಯಿಲ್ ಮುಚ್ಚಳ ತೆಗೀರಿ. ಅಲ್ಲಿಂದ ಜೋರಾಗಿ ಗಾಳಿ ತಳ್ಳಿದರೆ, ಜೊತೆಗೆ ಆಯಿಲ್ ಕೂಡ ಕಡಿಮೆ ಆಗ್ತಾ ಇದ್ದರೆ ಪಿಸ್ಟನ್ ರಿಂಗ್ ಸವೆದಿದೆ. ಆಗಲೂ ಕಂಪ್ರೆಷನ್ ಅಳತೆ ಮಾಡಿಸದೆ ಬೋರ್ ಮಾಡಿಸಬೇಡಿ.

ಇಟ್ಟುಕೊಳ್ಳಬೇಕಾ ಮಾರಬೇಕಾ ಅಂತ ಹೇಳೋದು ಇಂಜಿನ್ ಅಲ್ಲ, ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು. ಗಾಡಿ ತೊಳೆಸಿ ಕೆಳಗೆ ಮಲಗಿ ನೋಡಿ. ಕ್ಯಾಬಿನ್ ಹಿಂದಿನ ಜಾಗ, ಪಾಟಾ (ಸ್ಪ್ರಿಂಗ್ ಪಟ್ಟಿ) ಕೂರುವ ಬ್ರಾಕೆಟ್, ಹುಕ್ ಕಟ್ಟಿದ ಅಡ್ಡ ಪಟ್ಟಿ. ಅಲ್ಲಿ ಬಿರುಕು ಇಲ್ಲದಿದ್ದರೆ ಗಾಡಿಗೆ ಖರ್ಚು ಮಾಡಿ, ದುಡ್ಡು ವ್ಯರ್ಥ ಆಗಲ್ಲ. ಬಿರುಕು ಬಿಟ್ಟು ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಹಾಕಿಸಿದ ಚಾಸಿ ಆದರೆ ಎಷ್ಟು ಒಳ್ಳೆ ಇಂಜಿನ್ ಇದ್ದರೂ ಬೇಡ.

ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. ಸರಕು ಗಾಡಿಗೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಿಸೋಕೆ ಯೋಗ್ಯ ಅನ್ನುವ ಪತ್ರ, ಮಾಡಿಸಬೇಕು. 15 ವರ್ಷ ದಾಟಿದರೆ ಎಫ್‌ಸಿ ಶುಲ್ಕ ಬಹಳ ಏರುತ್ತೆ. ರಿಪೇರಿ ಖರ್ಚಿನ ಜೊತೆ ಅದನ್ನೂ ಸೇರಿಸಿ ನೋಡಿ.

ಜೇವರ್ಗಿ ಸದಸ್ಯ: ಸರ್, ಎಳೆಯೋಕೆ ಯಾವ ಪಿಕಪ್ ಬೆಸ್ಟ್?

ಉಸ್ತಾದ್: ಏನು ಎಳೀತೀರಿ, ತೂಕ ಎಷ್ಟು? ಅದಿಲ್ಲದೆ ಉತ್ತರ ಇಲ್ಲ.

ಹುಮನಾಬಾದ್ ಡ್ರೈವರ್: ಸೇಡಂ ಅಣ್ಣಾ, ಮಾರಿಬಿಡಿ. ನಾನು ಬಿಎಸ್ 6, ಅಂದರೆ ಹೊಸ ಹೊಗೆ ನಿಯಮದ ಪಿಕಪ್‌ನಲ್ಲಿ ಜನರೇಟರ್ ಟ್ರಾಲಿ ಕಟ್ಟಿ ಹೈದರಾಬಾದ್ ಹೆದ್ದಾರಿಯಲ್ಲಿ ಹೋಗ್ತೀನಿ. ಹೊಗೆ ಇಲ್ಲ, ಸದ್ದಿಲ್ಲ. ಹಳೆ ಡಿಐನಲ್ಲಿ ಹೋದರೆ ಕಿವಿ ಹೋಗುತ್ತೆ.

ಶಹಾಬಾದ್ ಪರ್ಶಿ: ಹೊಸ ಗಾಡಿ ಹೆದ್ದಾರಿಯಲ್ಲಿ ಚೆನ್ನಾಗಿರುತ್ತೆ ತಮ್ಮಾ, ಇಲ್ಲ ಅನ್ನಲ್ಲ. ಕಲ್ಲಿನ ಗಣಿಗೆ ಇಳಿದು ನೋಡು. ಸೆನ್ಸರ್ ಒಂದು ಕೆಟ್ಟರೆ ಗಾಡಿ ಅಲ್ಲೇ ನಿಲ್ಲುತ್ತೆ. ನನ್ನ ಹಳೆ ಡಿಐ ಯಾವ ಹಳ್ಳಿಯ ಮಿಸ್ತ್ರಿ ಕೈಗೆ ಕೊಟ್ಟರೂ ರಿಪೇರಿ ಆಗುತ್ತೆ.

ಹುಮನಾಬಾದ್ ಡ್ರೈವರ್: ಹಳ್ಳಿಯ ಮಿಸ್ತ್ರಿ ರಿಪೇರಿ ಮಾಡಿದ್ದನ್ನ ಮತ್ತೆ ರಿಪೇರಿ ಮಾಡಿಸಬೇಕಲ್ಲ ಕಾಕಾ.

ಉಸ್ತಾದ್: ಇಬ್ಬರ ಮಾತೂ ಅರ್ಧ ಸರಿ. ಕಾಮನ್ ರೈಲ್ ಇಂಜಿನ್‌ನಲ್ಲಿ ಡೀಸೆಲ್ ಬಹಳ ಒತ್ತಡದಲ್ಲಿ ಹೋಗುತ್ತೆ, ಇಂಜೆಕ್ಟರ್ ತೂತು ಅಷ್ಟೇ ಸಣ್ಣದು. ಸ್ವಲ್ಪ ನೀರು, ಸ್ವಲ್ಪ ಕಸ ಹೋದರೂ ಪಂಪ್ ಇಂಜೆಕ್ಟರ್ ಎರಡೂ ಹಾಳು. ಡ್ರಮ್‌ನಲ್ಲಿ ಡೀಸೆಲ್ ಇಟ್ಟು ಮಗ್‌ನಿಂದ ಹಾಕುವವರು ಹೊಸ ಗಾಡಿ ತಗೋಬೇಡಿ. ಫಿಲ್ಟರ್ ಕೆಳಗಿನ ನೀರು ತೆಗೆಯೋಕೆ ಐದು ನಿಮಿಷ ಕೂಡ ಇಲ್ಲ ಅನ್ನುವವರೂ ಬೇಡ.

ಬಿಎಸ್ 6 ಬಂದಿದ್ದು 2020ರ ಏಪ್ರಿಲ್‌ನಿಂದ. ಈ ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ ಅಂತ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ. ಅದು ತುಂಬಿದಾಗ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮ ಓಡಿ ಸೈಲೆನ್ಸರ್ ಚೆನ್ನಾಗಿ ಬಿಸಿ ಆಗಬೇಕು. ಹುಮನಾಬಾದ್‌ನವರು ಹೆದ್ದಾರಿಯಲ್ಲಿ ಓಡಿಸ್ತಾರೆ, ಅವರಿಗೆ ತೊಂದರೆ ಬರಲ್ಲ. ಸೇಡಂನವರು ಇಂಥ ಗಾಡಿ ತಗೊಂಡು ಎರಡು ಕಿಲೋಮೀಟರ್ ಹೋಗಿ ನಿಲ್ಲಿಸಿ, ಮತ್ತೆ ಎರಡು ಕಿಲೋಮೀಟರ್ ಓಡಿಸಿದರೆ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುತ್ತೆ. ಹೊಸ ಗಾಡಿ ತಗೊಂಡರೆ ಆ ದೀಪ ಕಂಡ ದಿನವೇ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಬೇಕು.

ಆಳಂದ ಸದಸ್ಯ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ. “ಬಿಎಸ್ 6 ಗಾಡಿಗೆ ಡಿಇಎಫ್ ದುಡ್ಡು ಕೊಟ್ಟು ತರಬೇಡಿ. ಹೊಲಕ್ಕೆ ಹಾಕುವ ಯೂರಿಯಾ ನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ ಹಾಕಿ. ಎರಡೂ ಒಂದೇ.”

ಉಸ್ತಾದ್: ಒಂದೇ ಅಲ್ಲ. ದಯವಿಟ್ಟು ಇದನ್ನ ಮುಂದೆ ಕಳಿಸಬೇಡಿ. ಡಿಇಎಫ್ ಅಂದರೆ ಹೊಗೆಯ ವಿಷ ಕಡಿಮೆ ಮಾಡೋಕೆ ಸೈಲೆನ್ಸರ್ ಒಳಗೆ ಸಿಂಪಡಿಸುವ ದ್ರವ. ಅದರಲ್ಲಿ 32.5 ಶೇಕಡಾ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ನಮ್ಮ ದೇಶದಲ್ಲಿ 2015ರಿಂದ ಹೊಲದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪನ ಕಡ್ಡಾಯ. ಆ ಎಣ್ಣೆ, ನಮ್ಮ ಬೋರ್ ನೀರಿನ ಸುಣ್ಣ, ಎರಡೂ ಸೇರಿ ಡಿಇಎಫ್ ನಾಜಲ್ ಕಟ್ಟಿಕೊಳ್ಳುತ್ತೆ, ಹೊಗೆ ಶುದ್ಧ ಮಾಡುವ ಒಳಗಿನ ಕ್ಯಾಟಲಿಸ್ಟ್ ಸಾಯುತ್ತೆ. ಬಟ್ಟೆಯಲ್ಲಿ ಸೋಸಿದರೆ ಇದು ಹೋಗಲ್ಲ. ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಆಮೇಲೆ ಕೊಡಬೇಕು.

ಆಳಂದ ಸದಸ್ಯ: ನಾನು ಬರೆದದ್ದಲ್ಲ, ಬಂದದ್ದು ಹಾಕಿದೆ.

ಉಸ್ತಾದ್: ಓದಿ ಯಾರಾದರೂ ಹಾಕಿದರೆ ಗಾಡಿ ಹೋಗೋದು ಅವರದ್ದು. ಗೊತ್ತಿಲ್ಲದ್ದನ್ನ ಹಾಕಬೇಡಿ.

ಭಾಲ್ಕಿ ಸದಸ್ಯ: ಉಸ್ತಾದ್, ದಿಲ್ಲಿಯಿಂದ 9 ವರ್ಷದ ಡೀಸೆಲ್ ಪಿಕಪ್ ತುಂಬಾ ಸೋವಿಯಲ್ಲಿ ಸಿಗ್ತಾ ಇದೆ. ತರಬಹುದಾ?

ಉಸ್ತಾದ್: ಸೋವಿ ಯಾಕೆ ಅಂದರೆ ಅಲ್ಲಿ 10 ವರ್ಷ ಆದ ಡೀಸೆಲ್ ಗಾಡಿ ಓಡಿಸೋಕೆ ಬಿಡ್ತಾ ಇರಲಿಲ್ಲ, ಆ ಭಯಕ್ಕೆ ಮಾರ್ತಾರೆ. ಗಾಡಿ ಕೆಟ್ಟದ್ದು ಅಂತ ಅಲ್ಲ. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಸಾಲ ಇದ್ದರೆ ಬ್ಯಾಂಕ್‌ನಿಂದ ತೀರಿದ ಪತ್ರ ಬೇಕು, ಇಲ್ಲಿ ತೆರಿಗೆ ಕಟ್ಟಿ ಹೊಸ ನಂಬರ್ ತಗೋಬೇಕು. ಬೇರೆ ರಾಜ್ಯದ ನಂಬರ್‌ನಲ್ಲಿ 12 ತಿಂಗಳ ಮೇಲೆ ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಬೀದರ್ ಆರ್‌ಟಿಒದಲ್ಲಿ ತೆರಿಗೆ ಎಷ್ಟು ಅಂತ ಮೊದಲು ಕೇಳಿ, ಆಮೇಲೆ ಮುಂಗಡ ಕೊಡಿ.

ಯಾದಗಿರಿ ಸದಸ್ಯ: ಇಸುಜು ವಿ-ಕ್ರಾಸ್ ಹೇಗೆ? ಬಿಳಿ ಬೋರ್ಡ್‌ನಲ್ಲಿ ಟ್ರಾಲಿ ಎಳೆಯಬಹುದಾ?

ಅಫಜಲಪುರ ಸದಸ್ಯ: ಬೇಸಿಗೆಯಲ್ಲಿ ಇಂಜಿನ್ ಬಿಸಿಯ ಮೀಟರ್ ಕೆಂಪಿಗೆ ಹೋಗುತ್ತೆ. ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ತೆರೆಯುವ ವಾಲ್ವ್) ತೆಗೆದುಹಾಕು ಅಂತ ಎಲ್ಲರೂ ಹೇಳ್ತಾರೆ. ರೇಡಿಯೇಟರ್ ಸೋರ್ತಾ ಇದೆ, ಅರಿಶಿಣ ಪುಡಿ ಹಾಕಿದೀನಿ, ಸದ್ಯ ನಿಂತಿದೆ.

ಉಸ್ತಾದ್: ಅರಿಶಿಣ ಸೋರುವ ಜಾಗ ಮಾತ್ರ ಹುಡುಕಿಕೊಂಡು ಹೋಗಲ್ಲ. ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕೂರುತ್ತೆ. ನಿಮ್ಮ ಮೀಟರ್ ಏರೋದಕ್ಕೆ ಅದೂ ಒಂದು ಕಾರಣ ಇರಬಹುದು. ರೇಡಿಯೇಟರ್ ಬಿಚ್ಚಿಸಿ ತೊಳೆಸಿ, ಸೋರುವ ಕಡೆ ಟಾಕಿ ಹಾಕಿಸಿ, ಕೂಲಂಟ್ ತುಂಬಿಸಿ. ಬರೀ ಬೋರ್ ನೀರು ಬೇಡ. ಫ್ಯಾನ್ ಬಿಸಿಯಲ್ಲಿ ಜೋರಾಗಿ ತಿರುಗುತ್ತಾ ನೋಡಿ.

ಥರ್ಮೋಸ್ಟಾಟ್ ತೆಗೀಬೇಡಿ. ಕೆಲವು ಇಂಜಿನ್‌ಗಳಲ್ಲಿ ಅದು ಬಿಸಿಯಾದ ಮೇಲೆ ನೀರು ರೇಡಿಯೇಟರ್ ತಪ್ಪಿಸಿ ಹೋಗುವ ಅಡ್ಡ ದಾರಿಯನ್ನೂ ಮುಚ್ಚುತ್ತೆ. ತೆಗೆದರೆ ನೀರು ರೇಡಿಯೇಟರ್‌ಗೆ ಪೂರ್ತಿ ಹೋಗದೆ ಇಂಜಿನ್‌ನಲ್ಲೇ ಸುತ್ತುತ್ತೆ, ಇನ್ನೂ ಬಿಸಿ ಆಗುತ್ತೆ. ಚಳಿಗಾಲದಲ್ಲಿ ಇಂಜಿನ್ ತಣ್ಣಗೇ ಓಡಿ ಡೀಸೆಲ್ ಜಾಸ್ತಿ ಕುಡಿಯುತ್ತೆ, ಸವೆತವೂ ಜಾಸ್ತಿ.

ಚಿಂಚೋಳಿ ತಮ್ಮ: ಉಸ್ತಾದ್, ನಮ್ಮ ಅಣ್ಣನದು 2014ರ ಪಿಕಪ್. ಅದಕ್ಕೆ 3,000 ಲೀಟರ್ ನೀರಿನ ಟ್ಯಾಂಕರ್ ಟ್ರಾಲಿ ಕಟ್ಟಿ ಬೇಸಿಗೆಯಲ್ಲಿ ಹಳ್ಳಿಗಳಿಗೆ ನೀರು ಹೊಡೀತಾನೆ. ಟ್ರ್ಯಾಕ್ಟರ್‌ದು ಹಳೆ ಟ್ಯಾಂಕರ್. ಹುಕ್ ಹಿಂದಿನ ಬಂಪರ್‌ಗೆ ವೆಲ್ಡಿಂಗ್ ಮಾಡಿಸಿದ್ದಾನೆ. ಕುಂಚಾವರಂ ಕಡೆ ಗುಡ್ಡ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತೆ, ಸುಟ್ಟ ವಾಸನೆ ಬರುತ್ತೆ. ಬ್ರೇಕ್ ಲೈನಿಂಗ್ ಬದಲಿಸಿದರೆ ಸಾಕಾ? ಇಲ್ಲ ಹೊಸ ಗಾಡಿ ತಗೊಂಡರೆ ಸರಿ ಹೋಗುತ್ತಾ?

ಜೇವರ್ಗಿ ಸದಸ್ಯ: ಸರ್ ನನ್ನ ಪ್ರಶ್ನೆ? ಯಾವ ಪಿಕಪ್ ಬೆಸ್ಟ್?

ಉಸ್ತಾದ್: ಚಿಂಚೋಳಿಯವರೇ, ಓದೋದು ನಿಲ್ಲಿಸಿ ಮೊದಲು ಅಣ್ಣನಿಗೆ ಫೋನ್ ಮಾಡಿ. ಟ್ಯಾಂಕರ್ ಇವತ್ತೇ ಬಿಚ್ಚಿಡಲಿ. ಆಮೇಲೆ ಮುಂದಿನದು ಓದಿ.

ನೀರು ಒಂದು ಲೀಟರ್‌ಗೆ ಒಂದು ಕಿಲೋ. 3,000 ಲೀಟರ್ ಅಂದರೆ 3 ಟನ್, ಅದರ ಮೇಲೆ ಕಬ್ಬಿಣದ ಟ್ಯಾಂಕರ್ ತೂಕ. ಖಾಲಿ ಪಿಕಪ್ 2 ಟನ್ ಕೂಡ ಇಲ್ಲ. ತನ್ನ ತೂಕದ ಎರಡರಷ್ಟು ಹಿಂದೆ ಕಟ್ಟಿಕೊಂಡು ಇಳೀತಾ ಇದೆ. ಪಿಕಪ್‌ನ ಬ್ರೇಕ್ ಮಾಡಿರೋದು ಆ ಗಾಡಿ ಮತ್ತು ಅದರ ಮೇಲಿನ ಲೋಡ್ ನಿಲ್ಲಿಸೋಕೆ. ಹಿಂದಿನ ಟ್ಯಾಂಕರ್‌ಗೆ ಬ್ರೇಕೇ ಇಲ್ಲ. ಎಲ್ಲಾ ತೂಕ ನಾಲ್ಕು ಗಾಲಿಯ ಮೇಲೆ ಬಂತು. ವೇಗ 30ರಿಂದ 60 ಆದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು.

ಪೆಡಲ್ ಮೆತ್ತಗಾಗೋದು ಯಾಕೆ ಅಂದರೆ, ಬ್ರೇಕ್ ಆಯಿಲ್ ಕಾಲ ಕಳೆದಂತೆ ಗಾಳಿಯಲ್ಲಿನ ನೀರಿನ ಅಂಶ ಹೀರಿಕೊಳ್ಳುತ್ತೆ. ಬಿಸಿಯಾದಾಗ ಅದು ಕುದ್ದು ಆವಿ ಆಗುತ್ತೆ. ಪೆಡಲ್ ಒತ್ತಿದರೆ ಒತ್ತೋದು ಆವಿಯನ್ನ, ಗಾಲಿಯನ್ನಲ್ಲ. ಸುಟ್ಟ ವಾಸನೆ ಲೈನಿಂಗ್‌ದು. ಹೊಸ ಲೈನಿಂಗ್ ಹಾಕಿದರೂ ಅದೇ ಇಳಿಜಾರಿನಲ್ಲಿ ಮತ್ತೆ ಸುಡುತ್ತೆ. ಹೊಸ ಪಿಕಪ್ ತಗೊಂಡರೂ ಅದೇ. ಹೊಸ ಗಾಡಿಗೆ ಎಳೆಯುವ ಶಕ್ತಿ ಜಾಸ್ತಿ ಇರಬಹುದು, 4 ಟನ್ ಟ್ರಾಲಿ ನಿಲ್ಲಿಸುವ ಬ್ರೇಕ್ ಅದರಲ್ಲೂ ಇಲ್ಲ.

ಟ್ಯಾಂಕರ್ ಅರ್ಧ ಖಾಲಿ ಆದಾಗ ಇನ್ನೂ ಕಷ್ಟ. ಬ್ರೇಕ್ ಹಾಕಿದ ಮೇಲೆ ಒಳಗಿನ ನೀರು ಮುಂದಕ್ಕೆ ನುಗ್ಗಿ ಗಾಡಿಯನ್ನ ಹಿಂದಿನಿಂದ ದೂಡುತ್ತೆ. ತಿರುವಿನಲ್ಲಿ ಹೀಗಾದರೆ ಪಿಕಪ್ ಅಡ್ಡ ತಿರುಗಿ ಬಿಡುತ್ತೆ.

ಹುಕ್ ವಿಷಯ. ಬಂಪರ್ ತಗಡು ಎಳೆಯೋಕೆ ಮಾಡಿದ್ದಲ್ಲ. ಹುಕ್ ಚಾಸಿಯ ಎರಡೂ ಉದ್ದ ಪಟ್ಟಿಗಳಿಗೆ ಪ್ಲೇಟ್ ಹಾಕಿ ಬೋಲ್ಟ್‌ನಿಂದ ಕೂರಬೇಕು. ಜೊತೆಗೆ ಎರಡು ಸರಪಳಿ, ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಬೇಕು. ಪಿನ್ ಕಿತ್ತರೆ ಟ್ರಾಲಿ ಮೂತಿ ನೆಲಕ್ಕೆ ಬೀಳದೆ ಸರಪಳಿ ಮೇಲೆ ನಿಲ್ಲುತ್ತೆ. ಇದು ಮಿಕ್ಸರ್ ಎಳೆಯುವ ಎಲ್ಲರಿಗೂ.

ಇಳಿಯುವಾಗ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡ್ತಾನಾ ಕೇಳಿ. ಮಾಡ್ತಿದ್ದರೆ ಕೂಡಲೇ ಬಿಡಬೇಕು. ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಹೆಚ್ಚುಕಮ್ಮಿ ಡೀಸೆಲ್ ಹೋಗೋದೇ ಇಲ್ಲ, ಇಂಜಿನ್ ಗಾಡಿಯನ್ನ ತಡೀತಾ ಇರುತ್ತೆ. ಏರುವಾಗ ಯಾವ ಗೇರ್ ಬೇಕಾಯ್ತೋ ಇಳಿಯುವಾಗಲೂ ಅದೇ ಗೇರ್.

ಶಹಾಬಾದ್ ಪರ್ಶಿ: ಉಸ್ತಾದ್, ಇಷ್ಟು ಹೆದರಿಸಬೇಡಿ. ನಮ್ಮ ಕಡೆ ಎಷ್ಟೋ ಜನ ಹೀಗೇ ಎಳೀತಾರೆ. ಹಳೆ ಡಿಐ ಗಾಡಿ ಗಟ್ಟಿ.

ಹುಮನಾಬಾದ್ ಡ್ರೈವರ್: ಅದೇ ಹೇಳಿದ್ದು ನಾನು. ಹಳೆ ಗಾಡಿ ಗಟ್ಟಿ ಅಂತ ಲೋಡ್ ತುಂಬಿ ಬೇರೆಯವರ ಜೀವ ತೆಗೀತೀರಿ.

ಶಹಾಬಾದ್ ಪರ್ಶಿ: ಮಾತು ನೋಡಿ ಆಡು. ಕಂತು ಕಟ್ಟೋಕೆ ರಾತ್ರಿ ನಿದ್ದೆಗೆಟ್ಟು ಓಡಿಸೋದು ಯಾರು? ನಿದ್ದೆಯಲ್ಲಿ ಓಡಿಸೋದು ಜೀವಕ್ಕೆ ಒಳ್ಳೇದಾ?

ಹುಮನಾಬಾದ್ ಡ್ರೈವರ್: ನನ್ನ ಕಂತು ನಾನು ಕಟ್ತೀನಿ. ನಿಮ್ಮನ್ನ ಕೇಳಿಲ್ಲ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಗಾಡಿ ವಿಷಯ ಮಾತ್ರ.

ಉಸ್ತಾದ್: ಪರ್ಶಿಯವರೇ, ಹೆದರಿಸೋಕೆ ಬರೆದಿಲ್ಲ. ಹಳೆ ಡಿಐ ಇಂಜಿನ್ ಗಟ್ಟಿ ಅಂತ ನಾನೂ ಒಪ್ಪುತ್ತೀನಿ. ಇಂಜಿನ್ ಗಟ್ಟಿ ಇದ್ದ ಮಾತ್ರಕ್ಕೆ ಬ್ರೇಕ್ ಗಟ್ಟಿ ಆಗಲ್ಲ. ಎಷ್ಟು ಜನ ಎಳೀತಾರೆ ಅನ್ನೋದು ಲೆಕ್ಕ ಅಲ್ಲ.

ಚಿಂಚೋಳಿ ತಮ್ಮ: ಅಣ್ಣನಿಗೆ ಹೇಳಿದೆ, ಬಿಚ್ಚಿದ್ದಾನೆ. ಆದರೆ ಕೇಳ್ತಾನೆ, ನೀರು ಹೊಡೆಯೋದೇ ನಮ್ಮ ಬೇಸಿಗೆಯ ದುಡಿಮೆ, ಬಿಟ್ಟರೆ ಏನು ಮಾಡೋದು ಅಂತ.

ಉಸ್ತಾದ್: ದುಡಿಮೆ ಬಿಡೋದು ಬೇಡ. ಪಿಕಪ್ ಹಿಂದೆ ಎಳೆಯುವ ಬದಲು ಪಿಕಪ್ ಮೇಲೆ ಇಡಲಿ. ಸಾವಿರ ಲೀಟರ್ ಸಿಂಟೆಕ್ಸ್ ಟ್ಯಾಂಕ್ ಬಾಡಿ ಮೇಲೆ ಕೂರಿಸಿ, ನಾಲ್ಕೂ ಕಡೆ ಬೆಲ್ಟ್ ಬಿಗಿದರೆ ಒಂದು ಟನ್ ಚಿಲ್ಲರೆ. ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆದು ನೋಡಿ, ಅದರೊಳಗೆ ಇರಬೇಕು. ತುಂಬಿಸಿ ಹೊರಡಿ, ಅರ್ಧ ಇಟ್ಟುಕೊಂಡು ಸುತ್ತಬೇಡಿ. ಖೇಪು ಜಾಸ್ತಿ ಆಗುತ್ತೆ, ಗೊತ್ತು. ದೊಡ್ಡ ಟ್ಯಾಂಕರ್‌ನ ಕೆಲಸ ಬಂದರೆ ಟ್ರ್ಯಾಕ್ಟರ್ ಬಾಡಿಗೆಗೆ ತಗೊಳ್ಳಲಿ. ಆ ಟ್ಯಾಂಕರ್ ಇರೋದು ಟ್ರ್ಯಾಕ್ಟರ್‌ಗೆ. ಪಿಕಪ್ ಇನ್ಶುರೆನ್ಸ್‌ನಲ್ಲಿ ಟ್ರಾಲಿ ಸೇರಿಸಿಲ್ಲ ಅಂದರೆ ಅಪಘಾತ ಆದ ದಿನ ಕಂಪನಿ ತಕರಾರು ತೆಗೆಯುತ್ತೆ, ಅದೂ ಅಣ್ಣನಿಗೆ ತಿಳಿದಿರಲಿ.

ಜೇವರ್ಗಿ ಸದಸ್ಯ: ಮೂರನೇ ಸಲ ಕೇಳ್ತಿದೀನಿ. ಯಾವ ಪಿಕಪ್ ಬೆಸ್ಟ್?

ಉಸ್ತಾದ್: ಮೇಲೆ ಓದಿ. ತೂಕ ಬರೀರಿ.

ಆಳಂದ ಸದಸ್ಯ: ಇದು ಫಾರ್ವರ್ಡ್ ಅಲ್ಲ, ನನ್ನದೇ ಪ್ರಶ್ನೆ. ಡೀಸೆಲ್‌ಗೆ ಸ್ವಲ್ಪ ಸೀಮೆಎಣ್ಣೆ ಹಾಕಿದರೆ ಪಿಕಪ್ ಚೆನ್ನಾಗಿ ಎಳೆಯುತ್ತಾ?

ಉಸ್ತಾದ್: ಇಲ್ಲ. ಪಂಪ್‌ಗೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆಗೆ ಆ ಜಿಗುಟು ಇಲ್ಲ, ಪಂಪ್ ಗೀರು ಬೀಳುತ್ತೆ. ಇನ್ನು ಯಾವ ಪುಡಿ, ಯಾವ ಎಣ್ಣೆ ಬೆರೆಸುವ ಪ್ರಶ್ನೆಗೂ ಉತ್ತರ ಇದೇ.

ಬೀದರ್ ಸದಸ್ಯ: ಕರೆಂಟ್ ಪಿಕಪ್ ಟ್ರಾಲಿ ಎಳೆಯುತ್ತಾ ಸರ್? ಯಾರಾದರೂ ಹೇಳಿ.

ಸೇಡಂ ಮಿಕ್ಸರ್: ಉಸ್ತಾದ್, ಈಗಲೇ ನೋಡಿದೆ. ಏರ್ ಫಿಲ್ಟರ್ ಪೂರ್ತಿ ಬೂದಿ ಬಣ್ಣ. ಟರ್ಬೊ ಪೈಪ್ ಕ್ಲಾಂಪ್ ಹತ್ತಿರ ಸೀಳಿದೆ. ಚಾಸಿಯಲ್ಲಿ ಬಿರುಕು ಕಾಣಿಸ್ತಾ ಇಲ್ಲ.

ಉಸ್ತಾದ್: ಹಾಗಾದರೆ ಮಾರಬೇಡಿ. ಫಿಲ್ಟರ್, ಪೈಪ್ ಎರಡೂ ಬದಲಿಸಿ, ಮಿಕ್ಸರ್ ಕಟ್ಟಿ ಅದೇ ಏರು ಹತ್ತಿಸಿ ನೋಡಿ. ಹುಕ್ ಎಲ್ಲಿಗೆ ಕೂತಿದೆ ಅಂತ ಒಂದು ಫೋಟೊ ಹಾಕಿ.

ಚಿಂಚೋಳಿ ತಮ್ಮ: ಉಸ್ತಾದ್, ಅಣ್ಣನ ಗಾಡಿಯ ಹುಕ್ ಫೋಟೊ ಹಾಕಿದೀನಿ, ನೋಡಿ.

ಉಸ್ತಾದ್: ನೋಡಿದೆ. ಎಡಗಡೆ ವೆಲ್ಡಿಂಗ್ ಬುಡದಲ್ಲಿ ತುಕ್ಕಿನ ಗೆರೆ ಇದೆಯಲ್ಲ, ಅದು ಬಿರುಕು. ಆ ಹುಕ್‌ಗೆ ಇನ್ನು ಏನನ್ನೂ ಕಟ್ಟಬೇಡಿ, ಖಾಲಿ ಟ್ರಾಲಿ ಕೂಡ. ನಾಳೆ ಬೆಳಿಗ್ಗೆ ಗಾಡಿ ಖಾಲಿ ತನ್ನಿ, ಗುಡ್ಡದ ದಾರಿ ಬಿಟ್ಟು ನಿಧಾನ ಬನ್ನಿ. ಬರುವ ಮುಂಚೆ ಪೆಡಲ್ ಒತ್ತಿ ಹಿಡಿದು ನೋಡಿ, ಕೆಳಗೆ ಜಾರಿದರೆ ಓಡಿಸಬೇಡಿ, ಫೋನ್ ಮಾಡಿ, ನಾನೇ ಬರ್ತೀನಿ. ನಾಲ್ಕೂ ಗಾಲಿ ಬಿಚ್ಚೋಣ, ಬ್ರೇಕ್ ಆಯಿಲ್ ಪೂರ್ತಿ ಬದಲಿಸೋಣ. ಹೊಸ ಗಾಡಿ ಬೇಕಾ ಬೇಡವಾ ಅನ್ನೋದು ಬ್ರೇಕ್ ಡ್ರಮ್ ನೋಡಿದ ಮೇಲೆ ಹೇಳ್ತೀನಿ.