ಅಪ್‌ಡೇಟ್: ಗೇರ್‌ಗಳಿಗೆ ಮಾತ್ರ ಕ್ರಯೋಜೆನಿಕ್ ಸಂಸ್ಕರಣೆ ಮಾಡಿಸಿದೆ

ಕಾರಿನ ಗೇರ್‌ಗಳಿಗೂ ಬ್ರೇಕ್ ಡಿಸ್ಕ್‌ಗಳಿಗೂ ಕ್ರಯೋಜೆನಿಕ್ ಸಂಸ್ಕರಣೆ (ಲೋಹವನ್ನು ಅತಿ ಕಡಿಮೆ ತಾಪಮಾನಕ್ಕೆ ತಣಿಸುವ ವಿಧಾನ) ಮಾಡಿಸಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಘಟಕವೊಂದಕ್ಕೆ ಗೇರ್‌ಗಳನ್ನಷ್ಟೇ ಕೊಟ್ಟೆ. ಕಾರ್ಬರೈಸ್ ಮಾಡಿ (ಮೇಲ್ಮೈಗೆ ಇಂಗಾಲ ಸೇರಿಸಿ) ಕ್ವೆಂಚ್ ಮಾಡಿದ (ಕಾದಿರುವಾಗ ತಟ್ಟನೆ ತಣಿಸಿದ) ಉಕ್ಕಿನಲ್ಲಿ ಮಾರ್ಪಡದೆ ಉಳಿದ ಆಸ್ಟೆನೈಟ್ ಎಂಬ ಮೆದು ರಚನೆ, ದ್ರವ ಸಾರಜನಕದಿಂದ ಮೈನಸ್ 190 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಣಿದಾಗ ಬಹುಪಾಲು ಮಾರ್ಟೆನ್‌ಸೈಟ್ ಎಂಬ ಗಟ್ಟಿ ರಚನೆಯಾಗುವುದರಿಂದ ಹಲ್ಲುಗಳ ಸವೆತ ತಗ್ಗುತ್ತದೆ. ಡಿಸ್ಕ್‌ಗಳ ಎರಕದ ಕಬ್ಬಿಣ ಹೆಚ್ಚಾಗಿ ಪರ್ಲೈಟ್ ಎಂಬ ಬೇರೆ ರಚನೆ; ಹೀಗೆ ಮಾರ್ಪಡಬೇಕಾದ ಆಸ್ಟೆನೈಟ್ ಅಲ್ಲ. ಅಲ್ಲಿ ಈ ಲಾಭವಿಲ್ಲ.

ಘಟಕದವರು ತೋರಿಸಿದ ತಾಪಮಾನದ ಚಾರ್ಟ್‌ನಲ್ಲಿ ಗೆರೆ ಗಂಟೆಗಟ್ಟಲೆ ಮೆಲ್ಲನೆ ಇಳಿದು, ಬಹಳ ಹೊತ್ತು ತಳದಲ್ಲೇ ಸಾಗಿ, ಅಷ್ಟೇ ಮೆಲ್ಲನೆ ಮೇಲೇರಿತ್ತು. ಈ ನಿಧಾನ ನನಗೆ ಬಹಳ ಹಿಡಿಸಿತು, ಏಕೆಂದರೆ ಒಮ್ಮೆಲೇ ತಣಿಸಿದರೆ ಬಿರುಕು ಬಿಡುವ ಭಯವಿರುತ್ತದೆ. ಮಾಡಿಸುವವರು ಕೊನೆಯಲ್ಲಿ ಟೆಂಪರಿಂಗ್ (ಹದವಾಗಿ ಮತ್ತೆ ಕಾಯಿಸುವುದು) ಇದೆಯೇ ಎಂದು ತಪ್ಪದೇ ಕೇಳಿ; ಅದಿಲ್ಲದಿದ್ದರೆ ಹೊಸದಾಗಿ ಮೂಡಿದ ಮಾರ್ಟೆನ್‌ಸೈಟ್ ಪೆಡಸಾಗಿಯೇ ಉಳಿಯುತ್ತದೆ.